ಫಿಸಿಕ್ಸ್ ಟ್ಯೂಷನ್: ಪೆನ್ನು ಯಾರ ಕೈಯಲ್ಲಿದೆ ನೋಡಿ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಓದಿ ಎಸ್ಸೆಸ್ಸೆಲ್ಸಿಯಲ್ಲಿ 91 ಪರ್ಸೆಂಟ್ ತೆಗೆದಳು. ಈಗ ಫಸ್ಟ್ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಕಾಂಬಿನೇಷನ್. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ 50ಕ್ಕೆ 11 ಬಂದಿದೆ. ರಾತ್ರಿ ಪುಸ್ತಕ ಮುಂದಿಟ್ಟುಕೊಂಡು ಅಳುತ್ತಾಳೆ. ಟ್ಯೂಷನ್ ಹುಡುಕುತ್ತಿದ್ದೇವೆ. ಒಂದು ಕೋಚಿಂಗ್ ಸೆಂಟರ್ ಇದೆ, ಎರಡು ವರ್ಷಕ್ಕೆ 1,20,000 ರೂಪಾಯಿ, ಈಗಲೇ ಅರ್ಧ ಕಟ್ಟಬೇಕಂತೆ. ರಿಟೈರ್ಡ್ ಲೆಕ್ಚರರ್ ಒಬ್ಬರು ಮನೆಯಲ್ಲಿ ಬೆಳಗ್ಗೆ 5:30ಕ್ಕೆ ಬ್ಯಾಚ್ ಮಾಡುತ್ತಾರೆ, 35 ಮಕ್ಕಳು, ತಿಂಗಳಿಗೆ 1,000. ನಮ್ಮ ಊರಿನವನೇ ಒಬ್ಬ ಹುಡುಗ ಬಿಇ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ, ಮನೆಗೇ ಬಂದು ಹೇಳಿಕೊಡುತ್ತಾನಂತೆ, ಗಂಟೆಗೆ 250. ಇನ್ನೊಂದು ಮೊಬೈಲ್ ಆ್ಯಪ್, ವರ್ಷಕ್ಕೆ 18,000. ಅವಳಿಗೆ ಅಗ್ರಿ ಬಿಎಸ್ಸಿ ಮಾಡುವ ಆಸೆ. ನಾನು ಓದಿದ್ದು ಏಳನೇ ಕ್ಲಾಸು. ಒಳ್ಳೆ ಮೇಷ್ಟ್ರು ಯಾರು ಅಂತ ನಾನು ಹೇಗೆ ಕಂಡುಹಿಡಿಯಲಿ? ಇಲ್ಲಾ ಕಾಂಬಿನೇಷನ್ನೇ ಬದಲಾಯಿಸಿಬಿಡುವುದು ವಾಸಿಯಾ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಮೇಷ್ಟ್ರುಗಳ ವಿವರ ಇದೆ, ಫೀಸು ಇದೆ, ಟೈಮು ಇದೆ. ಮಗಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ ಅನ್ನುವುದು ಮಾತ್ರ ಇಲ್ಲ. ನಿಮ್ಮನ್ನು ದೂರುತ್ತಿಲ್ಲ. ನಾನು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವನು. ನನ್ನ ಹತ್ತಿರ ಬಂದ ಅಪ್ಪ ಅಮ್ಮಂದಿರೆಲ್ಲ "ಒಳ್ಳೆ ಟ್ಯೂಷನ್ ಯಾರದ್ದು ಸಾರ್?" ಅಂತಲೇ ಶುರು ಮಾಡುತ್ತಿದ್ದರು. ಹೊಟ್ಟೆನೋವೋ ಹಲ್ಲುನೋವೋ ಹೇಳದೆ ಒಳ್ಳೆ ಡಾಕ್ಟರ್ ಯಾರು ಅಂತ ಕೇಳಿದ ಹಾಗೆ ಅದು.

ಕಾಂಬಿನೇಷನ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬದಲಾಯಿಸಬೇಡಿ. ಒಂದು ಟೆಸ್ಟ್ ನೋಡಿ ಅಂಥ ತೀರ್ಮಾನಕ್ಕೆ ಬರಬಾರದು. ಅದೂ ಅಲ್ಲದೆ, 91 ತೆಗೆದ ಹುಡುಗಿಗೆ 11 ಬಂದಿದೆ ಅಂದರೆ ಅದಕ್ಕೆ ಗಟ್ಟಿ ಕಾರಣ ಇರುತ್ತದೆ, ಮತ್ತು ಆ ಕಾರಣ ಬಹುಪಾಲು ಅವಳದ್ದಲ್ಲ.

ಏನಾಗಿದೆ ಹೇಳುತ್ತೇನೆ. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಫಿಸಿಕ್ಸ್ ಅಂದರೆ ಬೆಳಕು, ಕಣ್ಣು, ವಿದ್ಯುತ್ತು, ಕಾಂತ. ಚಲನೆ, ಬಲ, ಗುರುತ್ವ ಇವೆಲ್ಲ ಇರುವುದು ಒಂಬತ್ತರಲ್ಲಿ. ಒಂಬತ್ತನೇ ಕ್ಲಾಸಿನ ಪಾಠವನ್ನು ಯಾರು ಮನಸ್ಸಿಟ್ಟು ಓದುತ್ತಾರೆ ಹೇಳಿ? ಎಷ್ಟೋ ಶಾಲೆಗಳಲ್ಲಿ ಅದನ್ನು ಬೇಗ ಮುಗಿಸಿ ಹತ್ತರ ಪೋರ್ಷನ್ ಶುರು ಮಾಡಿಬಿಡುತ್ತಾರೆ. ಆಮೇಲೆ ಒಂದು ವರ್ಷ ಪೂರ್ತಿ ಕನ್ನಡಿ, ಮಸೂರ, ಓಮ್‌ನ ನಿಯಮ. ಫಸ್ಟ್ ಪಿಯುಗೆ ಬಂದ ತಕ್ಷಣ ಪುಸ್ತಕದ ಎರಡನೇ ಪಾಠವೇ ಸರಳ ರೇಖೆಯ ಚಲನೆ. ಮೂರನೆಯದು ಸಮತಲದ ಚಲನೆ, ಅಲ್ಲಿ ವೆಕ್ಟರ್, ಅಂದರೆ ದಿಕ್ಕೂ ಸೇರಿದ ಅಳತೆ, ಬರುತ್ತದೆ. ಒಂದು ವರ್ಷ ಮುಚ್ಚಿಟ್ಟಿದ್ದ ಡಬ್ಬಿಯನ್ನು ತೆಗೆದು ಅದರ ಮೇಲೆ ಮಹಡಿ ಕಟ್ಟಲು ಹೊರಟ ಹಾಗೆ.

ಇದರ ಮೇಲೆ ಭಾಷೆ. ನಿಮ್ಮ ಮಗಳು ಜವ, ವೇಗ, ವೇಗೋತ್ಕರ್ಷ ಅಂತ ಕಲಿತವಳು. ಈಗ ಸ್ಪೀಡ್, ವೆಲಾಸಿಟಿ, ಆಕ್ಸಿಲರೇಷನ್ ಅಂತ ಕೇಳುತ್ತಿದ್ದಾಳೆ. ಸ್ಪೀಡ್ ಅಂದರೆ ವೇಗ ಅಂತ ನಾವೆಲ್ಲ ಮಾತಿನಲ್ಲಿ ಹೇಳುತ್ತೇವೆ ಅಲ್ವಾ? ಆದರೆ ಕನ್ನಡ ಪಠ್ಯಪುಸ್ತಕದಲ್ಲಿ ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ. ಇಲ್ಲೇ ಮಕ್ಕಳು ಎಡವುತ್ತಾರೆ. ಗೊತ್ತಿರುವ ವಿಷಯವೇ ಗೊತ್ತಿಲ್ಲದ ಹೆಸರಿನಲ್ಲಿ ಬಂದು ನಿಂತಿರುತ್ತದೆ.

ಮೂರನೆಯದು ಗಣಿತ. ಇದನ್ನು ಯಾರೂ ತಂದೆ ತಾಯಿಗೆ ಹೇಳುವುದಿಲ್ಲ. ಫಿಸಿಕ್ಸ್‌ನ ಎರಡನೇ ಪಾಠದಲ್ಲೇ ಡಿಫರೆನ್ಸಿಯೇಷನ್ ಬೇಕಾಗುತ್ತದೆ, ಅಂದರೆ ಒಂದು ಅಳತೆ ಎಷ್ಟು ಬೇಗ ಬದಲಾಗುತ್ತಿದೆ ಅಂತ ಕಂಡುಹಿಡಿಯುವ ಗಣಿತ. ಅದೇ ವಿಷಯ ಮ್ಯಾಥ್ಸ್ ಪುಸ್ತಕದ 14 ಪಾಠಗಳಲ್ಲಿ 12ನೆಯದು! ಮ್ಯಾಥ್ಸ್ ಲೆಕ್ಚರರ್ ಅಲ್ಲಿಗೆ ಬರುವಷ್ಟರಲ್ಲಿ ವರ್ಷ ಮುಗಿಯುತ್ತಾ ಬಂದಿರುತ್ತದೆ. ಫಿಸಿಕ್ಸ್ ಲೆಕ್ಚರರ್ "ಇದನ್ನು ಮ್ಯಾಥ್ಸ್‌ನಲ್ಲಿ ಮಾಡ್ತಾರೆ" ಅಂತ ಮುಂದೆ ಹೋಗುತ್ತಾರೆ. ನಾನೂ ಹಾಗೆಯೇ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮಧ್ಯದಲ್ಲಿ ಮಗು ಬಿದ್ದಿರುತ್ತದೆ.

ಹಾಗಾಗಿ ಯಾರಿಗೂ ಫೋನ್ ಮಾಡುವ ಮೊದಲು ಒಂದು ಭಾನುವಾರ ಎತ್ತಿಡಿ. ಟೆಸ್ಟಿನ ಆನ್ಸರ್ ಶೀಟ್ ತರಿಸಿಕೊಳ್ಳಿ. ಅಂಕ ಬಿಡಿ, ಪುಟಗಳನ್ನು ನೋಡಿ. ಫಿಸಿಕ್ಸ್ ಗೊತ್ತಿಲ್ಲದಿದ್ದರೂ ಖಾಲಿ ಜಾಗ ಎಲ್ಲರಿಗೂ ಕಾಣುತ್ತದೆ. ಸೂತ್ರ ಬರೆದು, ಸಂಖ್ಯೆ ಹಾಕಿ, ಅರ್ಧಕ್ಕೆ ನಿಂತಿದ್ದರೆ ತೊಂದರೆ ಗಣಿತದ್ದು. ಪ್ರಶ್ನೆ ನಂಬರ್ ಹಾಕಿ ಕೆಳಗೆ ಏನೂ ಬರೆಯದಿದ್ದರೆ ಪ್ರಶ್ನೆಯೇ ಅರ್ಥವಾಗಿಲ್ಲ, ಅದು ಭಾಷೆಯದ್ದೋ ವಿಷಯದ್ದೋ ಇರಬೇಕು. ಪುಟ ತುಂಬಾ ಬರೆದೂ ಸೊನ್ನೆ ಬಂದಿದ್ದರೆ ಬಾಯಿಪಾಠ ಮಾಡಿದ್ದಾಳೆ.

ಆಮೇಲೆ ಮಗಳಿಗೆ ಈ ಲೆಕ್ಕ ಕೊಡಿ. ನಿಮ್ಮ ತೋಟದ್ದೇ. 20 ಮೀಟರ್ ಎತ್ತರದ ಮರದಿಂದ ಒಂದು ತೆಂಗಿನಕಾಯಿ ಕಳಚಿ ಬಿತ್ತು. ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? ಮುಟ್ಟುವಾಗ ಎಷ್ಟು ವೇಗ ಇರುತ್ತದೆ? ಗುರುತ್ವದ ವೇಗೋತ್ಕರ್ಷವನ್ನು 10 ಅಂತಲೇ ಇಟ್ಟುಕೊಳ್ಳಲಿ. ಉತ್ತರ ನಿಮಗೆ ಹೇಳಿಡುತ್ತೇನೆ: 2 ಸೆಕೆಂಡು, ವೇಗ ಸೆಕೆಂಡಿಗೆ 20 ಮೀಟರ್. ಅಂದರೆ ಗಂಟೆಗೆ 72 ಕಿಲೋಮೀಟರ್. (ಮರದ ಕೆಳಗೆ ಮಲಗಬೇಡ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.) ಮೊದಲು ಕನ್ನಡದಲ್ಲೇ ಕೊಡಿ. ಮಾಡಿದರೆ, ಇಂಥದ್ದೇ ಇನ್ನೊಂದನ್ನು ಕಾಲೇಜು ಪುಸ್ತಕದಿಂದ ಇಂಗ್ಲಿಷಿನಲ್ಲಿ ಕೊಡಿ. ಕನ್ನಡದಲ್ಲಿ ಮಾಡಿ ಇಂಗ್ಲಿಷಿನಲ್ಲಿ ನಿಂತುಬಿಟ್ಟರೆ ಅವಳಿಗೆ ಫಿಸಿಕ್ಸ್ ಬರುತ್ತದೆ ತಾಯಿ, ಬರದಿರುವುದು ಪದಗಳು. ಅದಕ್ಕೆ ಎರಡು ವರ್ಷದ ಟ್ಯೂಷನ್ ಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ, ಎರಡು ತಿಂಗಳ ಅಭ್ಯಾಸ, ಅಷ್ಟೇ.

ಗಣಿತ ನೋಡಬೇಕಾದರೆ "ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟೂ ಎ ಎಸ್" ಅನ್ನುವ ಸೂತ್ರ ಕೊಟ್ಟು, ಇದರಲ್ಲಿ ಎಸ್ ಒಂದನ್ನೇ ಒಂದು ಕಡೆಗೆ ತೆಗೆದುಕೊಂಡು ಬಾ ಅನ್ನಿ. ತಡವರಿಸಿದರೆ ಅವಳಿಗೆ ಬೇಕಾದದ್ದು ಫಿಸಿಕ್ಸ್ ಮೇಷ್ಟ್ರಿಗಿಂತ ಮೊದಲು ಬೀಜಗಣಿತ ಹೇಳಿಕೊಡುವವರು. ಎಷ್ಟೋ ಮನೆಗಳಲ್ಲಿ ಫಿಸಿಕ್ಸ್‌ಗೆ ಅಂತ ದುಡ್ಡು ಕಟ್ಟಿ, ವರ್ಷ ಕಳೆದ ಮೇಲೆ ಇದು ಗೊತ್ತಾಗುತ್ತದೆ.

ಇನ್ನೂ ಒಂದನ್ನು ಕೇಳಿ ನೋಡಿ, ಮೆಲ್ಲಗೆ. ಬೆಳಗ್ಗೆ ಎಷ್ಟು ಗಂಟೆ ಬಸ್ಸು? ಕ್ಲಾಸಿನಲ್ಲಿ ಎಲ್ಲಿ ಕೂರುತ್ತಾಳೆ? ಬೋರ್ಡ್ ಕಾಣುತ್ತದಾ? ಪ್ರಶ್ನೆ ಕೇಳಿದರೆ ನಗುತ್ತಾರೆ ಅಂತ ಭಯವಾ? ಕನ್ನಡಕ ಬೇಕಾಗಿದ್ದ ಹುಡುಗನಿಗೆ ಅವರಪ್ಪ ಎರಡು ಟ್ಯೂಷನ್ ಹಾಕಿಸಿದ್ದನ್ನು ನಾನೇ ನೋಡಿದ್ದೇನೆ.

ಈಗ ಮೇಷ್ಟ್ರ ವಿಷಯ. ಮೊದಲು ನನ್ನ ಕಥೆ ಕೇಳಿ. ಕೆಲಸಕ್ಕೆ ಸೇರುವ ಮೊದಲು ನಾನೂ ಮನೆ ಹಜಾರದಲ್ಲಿ ಟ್ಯೂಷನ್ ಮಾಡುತ್ತಿದ್ದೆ. ಬೆಳಗ್ಗೆ ಆರಕ್ಕೆ ನಲವತ್ತು ಮಕ್ಕಳು. ಬೋರ್ಡ್ ಮೇಲೆ ಲೆಕ್ಕದ ಮೇಲೆ ಲೆಕ್ಕ ಮಾಡುತ್ತಿದ್ದೆ. ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಎಂಥ ಶಿಸ್ತು, ಎಂಥ ಪಾಠ ಅಂತ ನನಗೇ ಹೆಮ್ಮೆ. ಅದರಲ್ಲೊಬ್ಬ ಹುಡುಗ ಮುತ್ತು ಪೋಣಿಸಿದ ಹಾಗೆ ಬರೆದುಕೊಳ್ಳುತ್ತಿದ್ದ. ಅವನ ನೋಟ್ಸನ್ನು ಉಳಿದವರು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು. ಒಂದು ದಿನ ಟೆಸ್ಟ್ ಕೊಟ್ಟೆ. ಹಿಂದಿನ ವಾರ ಮಾಡಿಸಿದ್ದ ಲೆಕ್ಕವೇ, ಚೆಂಡಿನ ಬದಲು ತೆಂಗಿನಕಾಯಿ ಹಾಕಿದ್ದೆ. ಆ ಹುಡುಗ ಖಾಲಿ ಬಿಟ್ಟಿದ್ದ. ಕೇಳಿದರೆ "ತೆಂಗಿನಕಾಯಿಯ ಲೆಕ್ಕ ನೀವು ಮಾಡಿಸಿಲ್ಲ ಸಾರ್" ಅಂದ. ನನಗೆ ನಗು ಬರಲಿಲ್ಲ. ಆರು ತಿಂಗಳು ಅವನ ಅಪ್ಪನ ದುಡ್ಡು ತೆಗೆದುಕೊಂಡು ಲೆಕ್ಕ ಮಾಡುತ್ತಿದ್ದವನು ನಾನು. ಅವನು ನೋಡುತ್ತಾ ಕೂತಿದ್ದ. ಸೈಕಲ್ ತುಳಿಯುವುದನ್ನು ನೋಡಿದವನಿಗೆ ಸೈಕಲ್ ಬರುತ್ತದಾ?

ಆವತ್ತಿನಿಂದ ಟ್ಯೂಷನ್ ಬಗ್ಗೆ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಒಂದು ಗಂಟೆಯಲ್ಲಿ ಪೆನ್ನು ಎಷ್ಟು ಹೊತ್ತು ಯಾರ ಕೈಯಲ್ಲಿತ್ತು ನೋಡಿ. ಮೇಷ್ಟ್ರ ಡಿಗ್ರಿ, ಅವರ ಇಂಗ್ಲಿಷು, ಗೋಡೆ ಮೇಲಿನ ಟಾಪರ್‌ಗಳ ಫೋಟೋ ಎಲ್ಲ ಆಮೇಲೆ. ಏಳನೇ ಕ್ಲಾಸು ಓದಿದ ನೀವು ಇದನ್ನು ಎಂಎಸ್ಸಿ ಓದಿದವರಷ್ಟೇ ಚೆನ್ನಾಗಿ ನೋಡಬಲ್ಲಿರಿ.

ಹೇಗೆ ಅಂದರೆ, ಯಾರನ್ನೇ ಗೊತ್ತು ಮಾಡುವ ಮೊದಲು ಎರಡು ಕ್ಲಾಸು ಡೆಮೊ ಕೇಳಿ. ಸುಮ್ನೆ ಬೇಡ, ಆ ಎರಡು ಗಂಟೆಗೂ ದುಡ್ಡು ಕೊಡಿ. ಬಿಟ್ಟಿ ಡೆಮೊದಲ್ಲಿ ಎಲ್ಲರೂ ಹಬ್ಬದ ಅಡುಗೆ ಬಡಿಸುತ್ತಾರೆ. ನೀವು ಅದೇ ಕೋಣೆಯಲ್ಲಿ ಏನಾದರೂ ಕೆಲಸ ಹಿಡಿದು ಕೂತುಕೊಳ್ಳಿ. ಮಗಳು ಈ ಪ್ರಶ್ನೆ ಕೇಳಲಿ: "ಸಾರ್, ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದರೆ ತುತ್ತತುದಿಯಲ್ಲಿ ಅದು ಒಂದು ಕ್ಷಣ ನಿಲ್ಲುತ್ತದೆ. ಆಗ ಅದರ ವೇಗ ಸೊನ್ನೆ. ವೇಗೋತ್ಕರ್ಷವೂ ಸೊನ್ನೆ ತಾನೇ?"

ಸೊನ್ನೆಯಲ್ಲ. ಅಲ್ಲೂ ಅದು ಕೆಳಮುಖವಾಗಿ 9.8 ಇರುತ್ತದೆ. ಆದರೆ ನಿಮಗೆ ಬೇಕಾದದ್ದು ಮೇಷ್ಟ್ರು ಇದನ್ನು ಹೇಳುವ ರೀತಿ. ಒಬ್ಬರು "ತಪ್ಪು, 9.8, ಬರೆದುಕೋ" ಅನ್ನುತ್ತಾರೆ. ಇನ್ನೊಬ್ಬರು ಹದಿನೈದು ನಿಮಿಷ ಭಾಷಣ ಮಾಡುತ್ತಾರೆ. ಭಾಷಣ ಚೆನ್ನಾಗಿಯೇ ಇರಬಹುದು, ಮಗಳು ತಲೆಯಾಡಿಸುತ್ತಾಳೆ. ಮತ್ತೊಬ್ಬರು ಪೆನ್ನನ್ನು ಅವಳ ಕೈಗೆ ಕೊಟ್ಟು "ಸರಿ, ಸೊನ್ನೆ ಅಂತಲೇ ಇಟ್ಟುಕೊಳ್ಳೋಣ. ವೇಗವೂ ಇಲ್ಲ, ವೇಗ ಬದಲಾಗುವುದೂ ಇಲ್ಲ. ಮುಂದಿನ ಕ್ಷಣ ಕಲ್ಲು ಏನು ಮಾಡುತ್ತೆ?" ಅಂತ ಕೇಳುತ್ತಾರೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆಮೇಲೆ "ಅಯ್ಯೋ, ಅಲ್ಲೇ ನೇತಾಡ್ತಾ ಇರುತ್ತೆ!" ಅನ್ನುತ್ತಾಳೆ. ಆ "ಅಯ್ಯೋ" ಹೊರಡಿಸಿದವರೇ ನಿಮಗೆ ಬೇಕಾದ ಮೇಷ್ಟ್ರು. ಅವರು ಬಿಇ ಆಗಿರಲಿ, ಬಿಎಸ್ಸಿ ಆಗಿರಲಿ, ಪಿಎಚ್‌ಡಿ ಆಗಿರಲಿ.

ಇನ್ನೊಂದು ಗಮನಿಸಿ. ಅವಳು ತಪ್ಪು ಬರೆದಾಗ ಮೇಷ್ಟ್ರು ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ? ಒಳ್ಳೆಯವರು ಅವಳೇ ತಪ್ಪು ಕಾಣಲಿ ಅಂತ ಕಾಯುತ್ತಾರೆ. ಪೆನ್ನು ಕಿತ್ತುಕೊಂಡು ತಾವೇ ಬರೆಯುವವರಿಗೆ ಫಿಸಿಕ್ಸ್ ಮೇಲೆ ಪ್ರೀತಿ ಇರಬಹುದು, ಪಾಠ ಮಾಡುವ ತಾಳ್ಮೆ ಇಲ್ಲ.

ನಿಮ್ಮ ನಾಲ್ಕು ದಾರಿಗಳಿಗೆ ಬರೋಣ. ಕೋಚಿಂಗ್ ಸೆಂಟರ್ ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಅದು ಕೆಟ್ಟದ್ದು ಅಂತಲ್ಲ, ನಿಮ್ಮ ಮಗಳಿಗೆ ಅದರ ಅಗತ್ಯ ಇಲ್ಲ. ಅಲ್ಲಿ ಪಾಠದ ಓಟವೆಲ್ಲ ಸಾಮಾನ್ಯವಾಗಿ ಐಐಟಿಯಂಥ ಎಂಜಿನಿಯರಿಂಗ್ ಕಾಲೇಜಿನ ಜೆಇಇ, ಮೆಡಿಕಲ್‌ನ ನೀಟ್ ಪರೀಕ್ಷೆಗಳ ಕಡೆಗೆ. ನಮ್ಮ ರಾಜ್ಯದ ಕೃಷಿ ಕಾಲೇಜುಗಳಿಗೆ ದಾರಿ ರಾಜ್ಯದ್ದೇ ಪ್ರವೇಶ ಪರೀಕ್ಷೆ ಸಿಇಟಿ. ಸಿಇಟಿಯ ಫಿಸಿಕ್ಸ್ ಪೇಪರ್ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಿಯು ಪುಸ್ತಕವನ್ನು ಸರಿಯಾಗಿ ಅರ್ಥ ಮಾಡಿಕೊಂಡು ಓದಿದವಳು ಹೆದರಬೇಕಾದ ಪೇಪರ್ ಅಲ್ಲ. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಅದರ ತಯಾರಿಯ ರೀತಿಯೇ ಬೇರೆ. ತೆಂಗಿನಕಾಯಿ ಲೆಕ್ಕದಲ್ಲಿ ತಡವರಿಸುತ್ತಿರುವ ಮಗುವನ್ನು ಜೆಇಇ ಲೆಕ್ಕ ಮಾಡುವ ಬ್ಯಾಚಿನಲ್ಲಿ ಕೂರಿಸಿದರೆ ಅಳು ಜಾಸ್ತಿ ಆಗುತ್ತದೆ, ಇನ್ನೇನೂ ಆಗುವುದಿಲ್ಲ.

ದುಡ್ಡಿನ ವಿಷಯವೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು, ರ‍್ಯಾಂಕ್ ಗ್ಯಾರಂಟಿ ಅಂತ ಹೇಳಬಾರದು, ಶಾಲಾ ಕಾಲೇಜಿನ ಹೊತ್ತಿನಲ್ಲಿ ಆ ಮಕ್ಕಳಿಗೆ ಕ್ಲಾಸು ಇಡಬಾರದು, ಡಿಗ್ರಿ ಇಲ್ಲದವರನ್ನು ಪಾಠಕ್ಕೆ ಹಾಕಿಕೊಳ್ಳಬಾರದು ಅಂತೆಲ್ಲ ಅದರಲ್ಲಿದೆ. 50ಕ್ಕಿಂತ ಜಾಸ್ತಿ ಮಕ್ಕಳಿರುವ ಸೆಂಟರ್‌ಗಳಿಗೆ ಅದು ಅನ್ವಯ, ಮನೆ ಬ್ಯಾಚುಗಳಿಗಲ್ಲ. ಆದರೆ ಮಾರ್ಗಸೂಚಿ ಅಂದರೆ ಕಾಗದ. ಅದನ್ನು ಜಾರಿ ಮಾಡಬೇಕಾದದ್ದು ರಾಜ್ಯಗಳು. 60,000 ಕಟ್ಟಿ ಆಮೇಲೆ ಆ ಕಾಗದ ಹಿಡಿದು ಓಡಾಡುವುದಕ್ಕಿಂತ ಮೊದಲೇ ಕಟ್ಟದಿರುವುದು ಸುಲಭ. ಯಾರಿಗೇ ಆಗಲಿ ತಿಂಗಳು ತಿಂಗಳು ಕೊಡಿ. ರಸೀದಿ ತೆಗೆದುಕೊಳ್ಳಿ. "ಇವತ್ತೇ ಕಟ್ಟಿದರೆ ಡಿಸ್ಕೌಂಟ್" ಅಂದವರಿಗೆ ನಾಳೆ ಬರುತ್ತೇವೆ ಅಂತ ಹೇಳಿ ಎದ್ದು ಬನ್ನಿ.

ರಿಟೈರ್ಡ್ ಲೆಕ್ಚರರ್ ಬಗ್ಗೆ ಹೇಳುವುದು ಸ್ವಲ್ಪ ಕಷ್ಟ, ನಾನೂ ಅದೇ ಜಾತಿಯವನು. ವಿಷಯ ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಹೇಗೆ ಬರುತ್ತದೆ, ಎಲ್ಲಿ ಅಂಕ ಕಟ್ ಆಗುತ್ತದೆ ಅನ್ನುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ 35 ಮಕ್ಕಳಲ್ಲಿ ನಿಮ್ಮ ಮಗಳ ಕೈಗೆ ಪೆನ್ನು ಯಾವಾಗ ಬರಬೇಕು? ಅವಳಿಗೆ ಕಾಲೇಜಿನಲ್ಲಿ ಆಗದಿರುವುದು ಅಲ್ಲೂ ಆಗುವುದಿಲ್ಲ, ಅದೂ ನಸುಕಿನಲ್ಲಿ ನಿದ್ದೆಗಣ್ಣಲ್ಲಿ. ಸೆಕೆಂಡ್ ಪಿಯುಗೆ ಬಂದಾಗ, ಬುನಾದಿ ಗಟ್ಟಿಯಾದ ಮೇಲೆ, ಡಿಸೆಂಬರ್ ಹೊತ್ತಿಗೆ ಹಳೆ ಪ್ರಶ್ನೆಪತ್ರಿಕೆ ಬಿಡಿಸಲು ಅವರ ಬ್ಯಾಚು ಒಳ್ಳೆಯದೇ. ಈಗ ಬೇಡ.

ಆ್ಯಪ್‌ಗೆ ನಾನು ಒಂದೇ ವಾಕ್ಯ ಖರ್ಚು ಮಾಡುತ್ತೇನೆ: ಅರ್ಥವಾಗದ ಪಾಠವನ್ನು ಇನ್ನೊಂದು ಸಲ ನೋಡುವುದಕ್ಕೆ 18,000 ಕೊಡಬೇಕಾಗಿಲ್ಲ.

ಯಾಕೆಂದರೆ ಬಿಟ್ಟಿಯಾಗಿ ಸಿಗುವುದೇ ಬೇಕಾದಷ್ಟಿದೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳೆಲ್ಲ ಅವರ ವೆಬ್‌ಸೈಟಿನಲ್ಲಿ ಉಚಿತ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ತಾಣ ಇದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅಲ್ಲಿ ಗುಂಡು ಎಸೆಯಬಹುದು, ಗಾಡಿ ತಳ್ಳಬಹುದು, ಘರ್ಷಣೆ ಹೆಚ್ಚು ಕಡಿಮೆ ಮಾಡಿ ನೋಡಬಹುದು, ಎಲ್ಲ ಮೊಬೈಲ್‌ನಲ್ಲೇ. ಅದರಲ್ಲಿ ಎಷ್ಟೋ ಕನ್ನಡದಲ್ಲೂ ಇವೆ. ನಾನು ಬೋರ್ಡ್ ಮೇಲೆ ಗೀಚಿ ಗೀಚಿ ತೋರಿಸಲು ಒದ್ದಾಡಿದ್ದನ್ನು ಅಲ್ಲಿ ಮಗು ತಾನೇ ಬೆರಳಲ್ಲಿ ಎಳೆದು ನೋಡುತ್ತದೆ. ಹೊಟ್ಟೆಕಿಚ್ಚಾಗುತ್ತದೆ. ಮುಂದೆ ಪ್ರವೇಶ ಪರೀಕ್ಷೆಯ ಅಭ್ಯಾಸ ಬೇಕಾದರೆ ಐಐಟಿ ಕಾನ್ಪುರ ನಡೆಸುವ ಸಾಥಿ ಪೋರ್ಟಲ್ ಇದೆ, ಅದೂ ಉಚಿತ.

ಉಳಿದವನು ಬಿಇ ಹುಡುಗ. ಅವನಿಗೇ ನನ್ನ ಮತ, ಆದರೆ ಡೆಮೊದಲ್ಲಿ ಪಾಸಾದರೆ ಮಾತ್ರ. ಅವನು ನಿಮ್ಮ ಊರಿನವನು, ಕನ್ನಡದಲ್ಲಿ ವಿವರಿಸುತ್ತಾನೆ, ತೋಟ ಗದ್ದೆ ಪಂಪ್‌ಸೆಟ್ ಎಲ್ಲ ಗೊತ್ತು. ಅವನೂ ಕನ್ನಡ ಮೀಡಿಯಂನಿಂದ ಬಂದವನಾ ಅಂತ ಕೇಳಿ. ಆಗಿದ್ದರೆ ಅದು ದೊಡ್ಡ ಲಾಭ, ನಿಮ್ಮ ಮಗಳು ಬಿದ್ದಿರುವ ಗುಂಡಿಗೆ ಅವನೂ ಬಿದ್ದು ಎದ್ದಿರುತ್ತಾನೆ. ಹೆದರಿಕೆ ಏನೆಂದರೆ ಎಂಜಿನಿಯರಿಂಗ್ ಓದಿದವರಿಗೆ ಶಾರ್ಟ್‌ಕಟ್ ಚಟ. ನಾಲ್ಕು ಮೆಟ್ಟಿಲನ್ನು ಒಂದೇ ಹಾರಿಗೆ ದಾಟಿ "ಇಷ್ಟೇ" ಅನ್ನುತ್ತಾರೆ. ಇನ್ನೊಂದು, ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ದಿನ ಹೊರಟುಬಿಡುತ್ತಾನೆ. ಹೋಗಲಿ ಬಿಡಿ. ನಿಮಗೆ ಅವನು ಎರಡು ವರ್ಷ ಬೇಕಾಗಿಲ್ಲ. ಎರಡೂವರೆ ತಿಂಗಳು ಸಾಕು.

ಅವನಿಗೆ ಹೇಳುವಾಗ ಸ್ಪಷ್ಟವಾಗಿ ಹೇಳಿ: "ಕಾಲೇಜಿನ ಪೋರ್ಷನ್ ಓಡಿಸುವುದು ಬೇಡಪ್ಪ. ಒಂಬತ್ತನೇ ಕ್ಲಾಸಿನ ಚಲನೆ, ಬಲ, ಕೆಲಸ ಈ ಮೂರು ಪಾಠದಿಂದ ಶುರು ಮಾಡು. ಜೊತೆಗೆ ಸೂತ್ರ ತಿರುಗಿಸುವುದು, ಸೈನ್ ಕಾಸ್, ಗ್ರಾಫ್ ಓದುವುದು, ಡಿಫರೆನ್ಸಿಯೇಷನ್‌ನ ನಾಲ್ಕು ನಿಯಮ." ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ಮೊದಲ ಹತ್ತು ನಿಮಿಷ ಮಗಳು ಕಾಲೇಜಿನಲ್ಲಿ ಏನು ನಡೆಯಿತು ಅಂತ ಹೇಳಬೇಕು, ಅವನು ಕೇಳಬೇಕು. ಅರ್ಧಕ್ಕಿಂತ ಜಾಸ್ತಿ ಹೊತ್ತು ಅವಳು ಲೆಕ್ಕ ಮಾಡುತ್ತಿರಬೇಕು. ದಿನಾ ಬೇಡ. ದಿನಾ ಟ್ಯೂಷನ್ ಇದ್ದರೆ ಒಂಟಿಯಾಗಿ ಪುಸ್ತಕದ ಜೊತೆ ಗುದ್ದಾಡುವ ಹೊತ್ತೇ ಉಳಿಯುವುದಿಲ್ಲ, ಮತ್ತು ಫಿಸಿಕ್ಸ್ ಬರುವುದು ಆ ಗುದ್ದಾಟದಲ್ಲೇ.

ಅವಳ ಕ್ಲಾಸಿನ ಇಬ್ಬರು ಗೆಳತಿಯರು ಸಿಕ್ಕಿದರೆ ಸೇರಿಸಿಕೊಳ್ಳಿ. ಖರ್ಚು ಹಂಚಿಹೋಗುತ್ತದೆ. ಒಬ್ಬಳಿಗೆ ಹೊಳೆಯದ್ದು ಇನ್ನೊಬ್ಬಳಿಗೆ ಹೊಳೆಯುತ್ತದೆ. ಹೆಣ್ಣುಮಗಳ ವಿಷಯ, ಹೇಳಲೇಬೇಕಾದ ಮಾತು ಇನ್ನೊಂದಿದೆ: ಪಾಠ ಹಜಾರದಲ್ಲಿ ನಡೆಯಲಿ, ಬಾಗಿಲು ತೆರೆದಿರಲಿ, ಮನೆಯಲ್ಲಿ ದೊಡ್ಡವರು ಒಬ್ಬರು ಇರಲಿ. ರಾತ್ರಿ ಹೊತ್ತು ಡೌಟ್ ಅಂತ ಫೋನಿನಲ್ಲಿ ಮೆಸೇಜು ಬೇಡ, ಡೌಟು ಬರೆದಿಟ್ಟುಕೊಂಡು ಮುಂದಿನ ಕ್ಲಾಸಿನಲ್ಲಿ ಕೇಳಲಿ. ಇದು ಆ ಹುಡುಗನ ಮೇಲಿನ ಅನುಮಾನ ಅಲ್ಲ. ಮರ್ಯಾದಸ್ಥ ಮೇಷ್ಟ್ರಿಗೆ ಈ ಕಟ್ಟುಪಾಡು ಇದ್ದರೇ ನೆಮ್ಮದಿ. ಯಾರಾದರೂ ಇದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೆ ಮುಗಿಯಿತು.

ಅವನು ಡೆಮೊದಲ್ಲಿ ಫೇಲಾದರೆ? ಬೇರೆಯವರನ್ನು ಹುಡುಕಲು ಗೋಡೆ ಮೇಲಿನ ಪೋಸ್ಟರ್ ನೋಡಬೇಡಿ. ಸೆಕೆಂಡ್ ಪಿಯು ಹುಡುಗಿಯರನ್ನು ಕೇಳಿ. ಟಾಪರ್‌ನ ಕೇಳಬೇಡಿ, ಅವಳು ಯಾರ ಹತ್ತಿರ ಹೋಗಿದ್ದರೂ ಟಾಪರ್ರೇ. ಫೇಲಾಗುವ ಹಾಗಿದ್ದು 60ಕ್ಕೆ ಬಂದವಳನ್ನು ಹುಡುಕಿ, ಅವಳು ಯಾರ ಹತ್ತಿರ ಹೋದಳು ಅಂತ ಕೇಳಿ. ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಓದುತ್ತಿರುವವರು, ಬಿಎಡ್ ಮಾಡುತ್ತಿರುವವರು ಇರುತ್ತಾರೆ. ಅವರಲ್ಲಿ ಕೆಲವರು ಬಂಗಾರದಂಥ ಮೇಷ್ಟ್ರುಗಳು, ಫೀಸೂ ಕಡಿಮೆ.

ಅವಳ ಕಾಲೇಜಿನ ಲೆಕ್ಚರರ್ ಹತ್ತಿರವೇ ಟ್ಯೂಷನ್‌ಗೆ ಹೋಗಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಬೇಡ. ಫಿಸಿಕ್ಸ್‌ನಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಫಸ್ಟ್ ಪಿಯುನಲ್ಲಿ ಅಂಕ ಕೊಡುವ ಕೈ ಕಾಲೇಜಿನದ್ದೇ. ಅದೇ ಕೈಗೆ ಟ್ಯೂಷನ್ ಫೀಸು ಕೊಡುವುದು ಇಬ್ಬರಿಗೂ ಒಳ್ಳೆಯದಲ್ಲ. ಆದರೆ ಬಿಡುವಿನ ಹೊತ್ತಿನಲ್ಲಿ ಸ್ಟಾಫ್ ರೂಮಿಗೆ ಹೋಗಿ ಡೌಟು ಕೇಳಲಿ. ಅದಕ್ಕೆ ದುಡ್ಡು ಬೇಡ, ಧೈರ್ಯ ಬೇಕು. ಬರೀ "ಅರ್ಥ ಆಗಲಿಲ್ಲ ಸಾರ್" ಅಂದರೆ ನಮಗೂ ಏನು ಹೇಳಬೇಕು ಗೊತ್ತಾಗುವುದಿಲ್ಲ. "ಈ ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಹೇಗೆ ಬಂತು ಸಾರ್?" ಅಂತ ಬೆರಳಿಟ್ಟು ತೋರಿಸುವ ಮಗು ಬಂದರೆ ಟೀ ಪಕ್ಕಕ್ಕಿಟ್ಟು ಹೇಳಿಕೊಡುತ್ತೇವೆ. ಹಾಗೆ ಬರುವವರೇ ಕಡಿಮೆ. ಪ್ರಾಕ್ಟಿಕಲ್ ಮಾತ್ರ ಒಂದೂ ತಪ್ಪಿಸಬಾರದು. ಆ 30 ಅಂಕಕ್ಕೆ ಯಾವ ಟ್ಯೂಷನ್ನೂ ಸಹಾಯ ಮಾಡುವುದಿಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ರಾತ್ರಿ ಅಡುಗೆ ಮಾಡುವಾಗ ಮಗಳನ್ನು ಹತ್ತಿರ ಕೂರಿಸಿಕೊಂಡು "ಇವತ್ತು ಕಲಿತಿದ್ದರಲ್ಲಿ ಒಂದನ್ನು ನನಗೆ ಹೇಳು" ಅನ್ನಿ. ಕನ್ನಡದಲ್ಲೇ. ನಿಮಗೆ ಅರ್ಥವಾಗುವ ತನಕ "ಯಾಕೆ?" ಅಂತ ಕೇಳುತ್ತಿರಿ. "ಅದು ಹಾಗೇ ಅಮ್ಮ, ಫಾರ್ಮುಲಾ ಇದೆ" ಅಂದರೆ ಅವಳಿಗೇ ಗೊತ್ತಿಲ್ಲ ಅಂತ ಲೆಕ್ಕ. ಬಸ್ಸು ಬ್ರೇಕ್ ಹಾಕಿದಾಗ ನಾವು ಯಾಕೆ ಮುಂದಕ್ಕೆ ಮುಗ್ಗರಿಸುತ್ತೇವೆ ಅನ್ನುವುದನ್ನು ನಿಮಗೆ ಒಪ್ಪುವ ಹಾಗೆ ಹೇಳಿದರೆ ಜಡತ್ವ ಅವಳಿಗೆ ಬಂತು. ನಿಮ್ಮ ಏಳನೇ ಕ್ಲಾಸು ಇಲ್ಲಿ ಅಡ್ಡಿಯಲ್ಲ, ಅನುಕೂಲ. ಗೊತ್ತಿರುವವರ ಮುಂದೆ ಮಕ್ಕಳು ಅರ್ಧ ಹೇಳಿ ತಪ್ಪಿಸಿಕೊಳ್ಳುತ್ತಾರೆ.

ಆರು ವಾರ ಆದ ಮೇಲೆ ನೋಡಿ. ಅಂಕ ಆಗಲೇ ಏರಿರಬೇಕು ಅಂತ ಹಟ ಮಾಡಬೇಡಿ, 11 ಇದ್ದದ್ದು 19 ಆಗಿದ್ದರೂ ಸಾಕು. ಪೇಪರಿನಲ್ಲಿ ಖಾಲಿ ಜಾಗ ಕಡಿಮೆಯಾಗಿದೆಯಾ? ನೋಟ್‌ಬುಕ್ಕಿನಲ್ಲಿ ಅವಳ ಕೈಬರಹದ ತಪ್ಪು ಸಾಲುಗಳು, ಹೊಡೆದುಹಾಕಿದ ಸಾಲುಗಳು ಕಾಣುತ್ತಿವೆಯಾ? ತಪ್ಪೇ ಇಲ್ಲದ ಅಂದದ ನೋಟ್‌ಬುಕ್ ಕಂಡರೆ ಹುಷಾರು, ಅದು ಮೇಷ್ಟ್ರ ಲೆಕ್ಕ, ಅವಳು ಕಾಪಿ ಮಾಡಿದ್ದಾಳೆ. ರಾತ್ರಿಯ ಅಳು ನಿಂತಿದೆಯಾ? ಇವು ಯಾವುವೂ ಆಗಿಲ್ಲದಿದ್ದರೆ ಮೇಷ್ಟ್ರನ್ನು ಬದಲಾಯಿಸಿ, ದಾಕ್ಷಿಣ್ಯ ಬೇಡ. "ಇನ್ನೊಂದು ತಿಂಗಳು ನೋಡೋಣ" ಅಂತ ನೋಡುತ್ತಾ ವಾರ್ಷಿಕ ಪರೀಕ್ಷೆ ಬಂದುಬಿಡುತ್ತದೆ.

ಎರಡನೇ ಟೆಸ್ಟ್ ಆದ ಮೇಲೆ ನನಗೆ ಮತ್ತೆ ಬರೆಯಿರಿ. ಅಂಕ ಎಷ್ಟು ಅಂತ ಬೇಡ. ಎರಡೂ ಟೆಸ್ಟಿನ ಆನ್ಸರ್ ಶೀಟುಗಳ ಫೋಟೋ ಕಳಿಸಿ, ಹೆಸರು ಮುಚ್ಚಿ. ಮತ್ತೆ ಮಗಳಿಗೆ ಹೇಳಿ, ತೆಂಗಿನಕಾಯಿಯ ಲೆಕ್ಕವನ್ನು ಮರದ ಎತ್ತರ 20ರ ಬದಲು 10 ಮೀಟರ್ ಅಂತ ಇಟ್ಟುಕೊಂಡು ಮಾಡಲಿ. ಹೊತ್ತು ಅರ್ಧ ಆಗುತ್ತದೆ ಅಂತ ಬರೆದರೆ ತಪ್ಪು. ಯಾಕೆ ತಪ್ಪು ಅಂತ ಅವಳೇ ನಿಮಗೆ ವಿವರಿಸಲಿ.